ತೂಗುವವನ ತೂಕ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನನ್ನ ತಂದೆಗೆ ಹೃದಯ ವೈಫಲ್ಯ ಎಂದು ವೈದ್ಯರು ಹೇಳಿದ್ದಾರೆ. ಆದರೆ ಹೃದಯ ಬಡಿಯುತ್ತಲೇ ಇದೆ. ಕಾಲಿನ ಊತ ಇಳಿದಿದೆ, ನಿದ್ದೆಯೂ ಬರುತ್ತಿದೆ. ಇಷ್ಟು ಚೆನ್ನಾಗಿರುವವರಿಗೆ ದಿನವೂ ಮಾತ್ರೆ ಏಕೆ?"

ಗುರು ಹೇಳಿದರು:

ಬೆಲ್ಲದ ಮಂಡಿಯಲ್ಲಿ ಒಬ್ಬ ತೂಕದವನಿದ್ದ. ಪ್ರತಿದಿನ ಬೆಳಿಗ್ಗೆ ಇಪ್ಪತ್ತು ಕಿಲೋ ತೂಕದ ಕಲ್ಲನ್ನು ತೂಗುವ ಯಂತ್ರದ ಮೇಲೆ ಇಡಬೇಕು. ಮುಳ್ಳು ಇಪ್ಪತ್ತಕ್ಕೆ ನಿಲ್ಲದಿದ್ದರೆ ತಿರುಪು ತಿರುಗಿಸಿ ಸರಿಪಡಿಸಬೇಕು. ಆಮೇಲೆ ವ್ಯಾಪಾರ. ಅದು ಮಂಡಿಯ ಪದ್ಧತಿ.

ಒಂದು ವರ್ಷ, ಕಲ್ಲು ಎತ್ತಿದರೆ ಅವನಿಗೆ ಏದುಸಿರು ಬರತೊಡಗಿತು. ಸಂಜೆ ಪಾದ ಊದುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎದ್ದು ಕುಳಿತರೆ ಸಮಾಧಾನ. ವೈದ್ಯರು ಪರೀಕ್ಷಿಸಿ, "ನಿಮ್ಮ ಹೃದಯ ನಿಂತಿಲ್ಲ. ರಕ್ತವನ್ನು ತಳ್ಳುವ ಬಲ ಕುಗ್ಗಿದೆ. ಅದಕ್ಕೇ ಕಾಲಿನಲ್ಲೂ ಶ್ವಾಸಕೋಶದಲ್ಲೂ ನೀರು ನಿಲ್ಲುತ್ತಿದೆ" ಎಂದರು. ಹೃದಯಕ್ಕೆ ಮಾತ್ರೆ ಬರೆದರು, ನೀರು ಇಳಿಸಲು ಇನ್ನೊಂದು ಬರೆದರು. ಉಪ್ಪು ಕಡಿಮೆ ಮಾಡಲು ಹೇಳಿದರು. "ದಿನವೂ ಬೆಳಿಗ್ಗೆ ತೂಕ ನೋಡಿಕೊಳ್ಳಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅಂದೇ ಬನ್ನಿ."

ತಿಂಗಳಲ್ಲಿ ಊತ ಇಳಿಯಿತು. ಅವನ ತೂಕ ದಿನವೂ ಐವತ್ತೆಂಟು, ಒಂದಿಷ್ಟೂ ಆಚೀಚೆ ಇಲ್ಲ. ಇನ್ನು ಕಲ್ಲು ಎತ್ತುವ ಕಷ್ಟ ಏಕೆಂದು ಅದನ್ನು ಮೂಲೆಗಿಟ್ಟ. ಬೆಳಿಗ್ಗೆ ತಾನೇ ಯಂತ್ರದ ಮೇಲೆ ನಿಲ್ಲುತ್ತಿದ್ದ. ಐವತ್ತೆಂಟು ತೋರಿಸಿದರೆ ಯಂತ್ರ ಸರಿ.

ಬೆಲ್ಲದ ಸುಗ್ಗಿ ಬಂತು. ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕಾಗುತ್ತದೆ ಎಂದು ನೀರಿನ ಮಾತ್ರೆ ಬಿಟ್ಟ. ಮೂರನೆಯ ಬೆಳಿಗ್ಗೆ ಮುಳ್ಳು ಅರವತ್ತಕ್ಕೆ ಹೋಯಿತು. 'ಉಣ್ಣುವುದೇ ಅರ್ಧವಾಗಿದೆ, ತೂಕ ಏರುವುದೆಲ್ಲಿಂದ? ಯಂತ್ರ ಕೆಟ್ಟಿದೆ' ಎಂದುಕೊಂಡು, ತಿರುಪು ತಿರುಗಿಸಿ ಐವತ್ತೆಂಟಕ್ಕೆ ತಂದ. ಮರುದಿನ ಮತ್ತೆ ಒಂದು ಕಿಲೋ ಹೆಚ್ಚು. ಮತ್ತೆ ತಿರುಗಿಸಿದ.

ಅಂದು ಒಬ್ಬ ರೈತ ಬೆಲ್ಲದ ಮೂಟೆ ಇಟ್ಟು ಮುಳ್ಳು ನೋಡಿದ.

"ಏನಣ್ಣ, ಮನೇಲಿ ಮೂವತ್ತಿತ್ತು, ಇಲ್ಲಿ ಇಪ್ಪತ್ತೇಳು! ದಾರೀಲಿ ಎತ್ತು ನೆಕ್ಕಿಬಿಡ್ತಾ?"

"ಮೂವತ್ತು ವರ್ಷದಿಂದ ತೂಗ್ತಿದ್ದೀನಪ್ಪ. ಇವತ್ತು ಬೆಳಿಗ್ಗೆ ತಾನೇ ಸರಿ ಮಾಡಿದೀನಿ."

"ಹಾಗಾದ್ರೆ ಕಲ್ಲು ಇಡಣ್ಣ, ನೋಡೇಬಿಡೋಣ."

ತೂಕದವನು ಮೂಲೆಯ ಕಲ್ಲಿಗೆ ಕೈಹಾಕಿದ. ಎತ್ತಲಾಗಲಿಲ್ಲ. ಉಸಿರು ಸಿಗದೆ ಗೋಡೆಗೆ ಒರಗಿ ಕುಳಿತ. ರೈತನೇ ಕಲ್ಲನ್ನು ಯಂತ್ರದ ಮೇಲಿಟ್ಟ. ಮುಳ್ಳು ಹದಿನೇಳಕ್ಕೆ ನಿಂತಿತು.

ತೂಕದವನು ಮುಳ್ಳನ್ನು ನೋಡಿದ. ಆಮೇಲೆ ಊದಿದ ತನ್ನ ಪಾದಗಳನ್ನು ನೋಡಿಕೊಂಡ. ರೈತ ಬೆಲ್ಲವನ್ನು ಅಲ್ಲೇ ಬಿಟ್ಟು, ಅವನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದ. ಮೂರು ಕಿಲೋ ನೀರು ಇಳಿದ ಮೇಲೆ ಅವನಿಗೆ ಮಲಗಿ ಉಸಿರಾಡಲು ಸಾಧ್ಯವಾಯಿತು.

ಕತೆ ಮುಗಿಯಿತು. ಶಿಷ್ಯ ನಕ್ಕ. "ಎಂಥ ದಡ್ಡ! ವೈದ್ಯರು ಹೇಳಿದ್ದು ಕಣ್ಣೆದುರೇ ನಡೆಯುತ್ತಿತ್ತಲ್ಲ?"

ಗುರು ಕೇಳಿದರು: "ಅವನು ಮಾತ್ರೆ ಬಿಟ್ಟು ನಾಲ್ಕೇ ದಿನವಾಗಿತ್ತು; ನಿನ್ನ ತಂದೆಗೆ ನೀನು ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತು?"