ಎಲ್ಲವೂ ಚೆನ್ನಾಗಿದೆ ಎಂದವಳು

“ಗುರುಗಳೇ, ಮಠಕ್ಕೆ ಬಂದಂದಿನಿಂದ ನಿಮ್ಮ ಒಂದು ಮಾತನ್ನೂ ನಾನು ಮೀರಿಲ್ಲ. ಆದರೂ ನೀವು ಕೊಟ್ಟ ಅರಿವು ನನ್ನದು ಅನ್ನಿಸುವುದಿಲ್ಲ. ಯಾಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಕಾಫಿ ಪುಡಿಯ ಕತೆಯೊಂದಿದೆ. ಮಠದಲ್ಲಿ ಕಾಫಿಯ ಮಾತೇ ಎಂದು ಮೂಗು ಮುರಿಯದೆ ಕೇಳು” ಎಂದು ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಕಾಫಿ ವರ್ತಕನಿದ್ದ. ಬೀಜವನ್ನು ತಾನೇ ಹುರಿದು, ಪುಡಿ ಮಾಡಿ ಮಾರುತ್ತಿದ್ದ. ಬಂದವರಿಗೆ ಯಾವ ಬೀಜ ಒಗ್ಗುತ್ತದೆ, ಅದನ್ನು ಎಷ್ಟು ಹುರಿಯಬೇಕು, ಅವರ ಕೈಗೆಟುಕುವಂತಾಗಲು ಎಷ್ಟು ಚಿಕೋರಿ ಬೆರೆಸಬೇಕು ಎಂಬುದನ್ನು ಎರಡು ಮಾತಿನಲ್ಲಿ ತಿಳಿದುಬಿಡುತ್ತಿದ್ದ. ಅವನ ಲೆಕ್ಕ ತಪ್ಪುತ್ತಿರಲಿಲ್ಲ. ಅದರ ಜಂಬವೂ ಅವನಿಗಿತ್ತು. ಇರಲಿ ಬಿಡು, ಕೆಲಸ ಬಲ್ಲವನಿಗೆ ಅಷ್ಟು ಜಂಬ ಇದ್ದರೆ ಯಾರ ಗಂಟೂ ಹೋಗುವುದಿಲ್ಲ.

ಒಂದು ದಿನ ಒಬ್ಬ ಹೆಂಗಸು ಬಂದು ಕಾಫಿ ಪುಡಿ ಕೇಳಿದಳು.

“ಮನೇಲಿ ಯಾರ್ಯಾರು ಕುಡೀತಾರಮ್ಮ? ಅವರಿಗೆ ಹೇಗಿದ್ರೆ ಹಿಡಿಸುತ್ತೆ?”

“ಯಾರಿಗೂ ಅಲ್ಲ ಯಜಮಾನರೇ. ನನಗೇ.”

“ಸರಿ, ನಿಮಗೆ ಹೇಗಿರಬೇಕು?”

“ಗೊತ್ತಿಲ್ಲ” ಎಂದಳು ಹೆಂಗಸು.

ಅವಳು ಹೇಳಿದ್ದು ನಿಜ. ಹುಟ್ಟಿದ ಮನೆಯಲ್ಲಿ ಮೊದಲ ಡಿಕಾಕ್ಷನ್ ಅಪ್ಪನಿಗೆ, ಅಣ್ಣಂದಿರಿಗೆ. ಸೇರಿದ ಮನೆಯಲ್ಲಿ ಮಾವನಿಗೆ, ಗಂಡನಿಗೆ, ಬಂದು ಹೋಗುವವರಿಗೆ. ಸತ್ವ ಇಳಿದುಹೋದ ಅದೇ ಪುಡಿಯ ಮೇಲೆ ಇನ್ನೊಮ್ಮೆ ಬಿಸಿನೀರು ಹೊಯ್ದರೆ ಬಸಿಯುವ ಎರಡನೆಯ ಡಿಕಾಕ್ಷನ್ ಅವಳಿಗೆ. ಗಂಡ ತೀರಿಕೊಂಡ ಮೇಲೆ ಅವಳು ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಹಿಡಿದಳು. ಮೊದಲ ಸಂಬಳ ಬಂದಾಗ ತನಗೆಂದೇ ಕೊಳ್ಳಲು ಹೊರಟ ಮೊದಲ ವಸ್ತು ಈ ಪುಡಿ. ಹೆಚ್ಚು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಕೊಂಡದ್ದು ರುಚಿಸದೆ ಹೋದರೆ, ತನ್ನ ಬಾಯಿಗೆ ಎರಡನೆಯದೇ ಸರಿ ಎಂದುಕೊಂಡು ಆಸೆಯನ್ನೇ ಬಿಟ್ಟುಬಿಡುವವಳು. ಅವಳನ್ನು ಮಾತಾಡಿಸಿ ವರ್ತಕ ಇದನ್ನೆಲ್ಲ ತಿಳಿದುಕೊಂಡ.

ಅವನು ಹೆಚ್ಚು ಹುರಿದ ಪ್ಲಾಂಟೇಶನ್ ಬೀಜದ ಕಾಫಿ ಮಾಡಿಕೊಟ್ಟ. ಹೆಂಗಸು ಕುಡಿದು “ಚೆನ್ನಾಗಿದೆ” ಎಂದಳು. ಪೀಬೆರಿ ಎಂಬ ದುಬಾರಿ ದುಂಡು ಬೀಜದ್ದನ್ನು ಕೊಟ್ಟ. “ಚೆನ್ನಾಗಿದೆ.” ಚಿಕೋರಿ ಬೆರೆಸಿದ್ದನ್ನು ಕೊಟ್ಟ. ಅದೂ ಚೆನ್ನಾಗಿತ್ತು. ವರ್ತಕನಿಗೆ ರೇಗಿತು. ಸೀದು ಕರಕಲಾಗಿ ಮೂಲೆಗೆ ಬಿದ್ದಿದ್ದ ಬೀಜವನ್ನು ಪುಡಿ ಮಾಡಿ ಅದರ ಕಾಫಿಯನ್ನೂ ಕೊಟ್ಟ.

ಅವಳು ಅವನ ಮುಖ ನೋಡುತ್ತಲೇ ಕುಡಿದಳು. “ಚೆನ್ನಾಗಿದೆ ಯಜಮಾನರೇ” ಎಂದಳು.

ನೀನು ನಗುತ್ತೀಯ. ವರ್ತಕನಿಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ನಾಲಿಗೆ ಇದ್ದೂ ರುಚಿಯನ್ನು ಎದುರಿಗಿರುವವರ ಮುಖದಲ್ಲಿ ಹುಡುಕುವವಳನ್ನು ಅವನು ಅದೇ ಮೊದಲು ಕಂಡದ್ದು. ತನ್ನ ವಿದ್ಯೆ ಇಲ್ಲಿ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

ಅವನು ಒಲೆಯ ಮೇಲೆ ಬಾಣಲೆ ಇಟ್ಟು ಹಸಿ ಬೀಜ ಸುರಿದ. ಸಟ್ಟುಗವನ್ನು ಅವಳ ಕೈಗೆ ಕೊಟ್ಟ. “ಹುರೀತಾ ಇರಿ. ಎಲ್ಲಿ ಸಾಕು ಅನ್ಸುತ್ತೋ ಅಲ್ಲಿ ಇಳಿಸಿ. ನನ್ನ ಕೇಳಬೇಡಿ” ಎಂದು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ಬೀಜ ಹಳದಿಯಾಯಿತು. “ಈಗ ಇಳಿಸಲಾ?” ಎಂದು ಕೇಳಿದಳು. ವರ್ತಕ ಮಾತಾಡಲಿಲ್ಲ. ಬೀಜ ಕೆಂಪಗಾಗಿ ಚಟಪಟ ಸಿಡಿಯತೊಡಗಿತು. ಅವಳು ಮತ್ತೆ ಕೇಳಿದಳು, ಅವನು ಮತ್ತೆ ಸುಮ್ಮನಿದ್ದ. ಹೊಗೆಯ ವಾಸನೆಯಿಂದಲೇ ಹದ ಬಲ್ಲ ಅವನಿಗೆ ಸುಮ್ಮನಿರುವುದು ಎಷ್ಟು ಕಷ್ಟವಾಗಿರಬೇಕು, ಯೋಚಿಸು. ಅವನ ಬೆನ್ನ ಹಿಂದೆ ಸಟ್ಟುಗದ ಸದ್ದು ನಿಂತಿತು.

“ಸಾಕು” ಎಂದಳು ಹೆಂಗಸು. ಬಾಣಲೆ ಇಳಿಸಿದಳು.

ವರ್ತಕ ತಿರುಗಿ ನೋಡಿದ. ಅವನ ಅಂಗಡಿಯಲ್ಲಿ ಯಾರೂ ಆ ಬಣ್ಣದ ಬೀಜ ಕೇಳಿರಲಿಲ್ಲ. ಅದನ್ನು ಆರಲು ಬಿಟ್ಟು, ಪುಡಿ ಮಾಡಿ, ಫಿಲ್ಟರಿಗೆ ಹಾಕಿ, ಮೊದಲ ಡಿಕಾಕ್ಷನ್ ಇಳಿದ ಕೂಡಲೇ ಹಾಲು ಬೆರೆಸಿ ಅವಳಿಗೆ ಕೊಟ್ಟ. ಅವಳು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು.

“ಹುಳಿ ಜಾಸ್ತಿಯಾಯ್ತು” ಎಂದಳು. “ಇನ್ನೊಂದು ಚೂರು ಹುರೀಬೇಕಿತ್ತು. ಚಿಕೋರಿ ಬೇಡ. ಪೀಬೆರಿಯೂ ಬೇಡ, ಈ ಸಾಧಾರಣ ಬೀಜವೇ ನನಗೆ ಸಾಕು. ದಿನಕ್ಕೆ ಒಂದೇ ಲೋಟಕ್ಕಾಗುವಷ್ಟು ಕೊಡಿ.”

ಅಷ್ಟು ವರ್ಷದ ವ್ಯಾಪಾರದಲ್ಲಿ ವರ್ತಕನ ಕಾಫಿಯನ್ನು ಹೊಗಳಿದವರು ಎಷ್ಟೋ ಜನ. ಅವನಿಗೆ ಕಣ್ಣಲ್ಲಿ ನೀರು ಬಂದದ್ದು ಅವಳು ಹುಳುಕು ತೆಗೆದ ಆ ಹೊತ್ತಿನಲ್ಲಿ. ತನ್ನ ಅಂಗಡಿಯ ಬಾಣಲೆಯ ಮುಂದೆ ಒಂದು ಜೀವ ಹುಟ್ಟಿತು ಎಂದು ಅವನಿಗನ್ನಿಸಿತು. ಗಿರಾಕಿಗೆ ಎಂದೂ ಕೈಮುಗಿಯದ ವರ್ತಕ ಅವಳಿಗೆ ಕೈಮುಗಿದು, ಮತ್ತೆ ಬೀಜ ಹುರಿಯಲು ಒಲೆಯತ್ತ ನಡೆದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ತಲೆಯಾಡಿಸಿ, “ತುಂಬ ಚೆನ್ನಾಗಿದೆ ಗುರುಗಳೇ” ಎಂದ.

“ಅದಿರಲಿ, ನಾನು ಈವರೆಗೆ ಕಲಿಸಿದ್ದರಲ್ಲಿ ನಿನಗೆ ಒಗ್ಗದೆ ಹೋದದ್ದು ಯಾವುದು, ಹೇಳು” ಎಂದರು ಗುರುಗಳು.

ಶಿಷ್ಯ ಉತ್ತರಕ್ಕಾಗಿ ಗುರುಗಳ ಮುಖವನ್ನೇ ನೋಡಿದ.