ಇರುವೆ ಹೇಳಿದ ಮಳೆ

ಮರಳುಗಾಡಿನ ಅಂಚಿನಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಎರಡು ಗುಡಿಸಲು, ಒಂದು ಬನ್ನಿಮರ, ಅಷ್ಟೆ.

ಗುರು ಭೂರನಾಥರಿಗೆ ಎಂಬತ್ತು ದಾಟಿತ್ತು. ಕಣ್ಣಿಗೆ ಪೊರೆ, ಮಂಡಿಗೆ ನೋವು. ಶಿಷ್ಯ ಮೋತಿನಾಥ ಅಲ್ಲಿಗೆ ಬಂದು ಹನ್ನೆರಡು ವರ್ಷವಾಗಿತ್ತು.

ಪ್ರತಿ ವರ್ಷ ವಿಜಯದಶಮಿಯ ಬೆಳಿಗ್ಗೆ ಕುರಿಗಾಹಿಗಳು ಬನ್ನಿಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ಅವರದು ಒಂದೇ ಪ್ರಶ್ನೆ.

"ಬಾವಾಜಿ, ಮಳೆ ಮುಗಿಯಿತೋ, ಇನ್ನೂ ಒಂದು ಬಾಕಿ ಇದೆಯೋ?"

ಮುನ್ನೂರು ಕುರಿಗಳ, ಹದಿನಾರು ಮಕ್ಕಳ ಜೀವ ಆ ಪ್ರಶ್ನೆಯ ಮೇಲೆ ನಿಂತಿತ್ತು. ಚಳಿಗಾಲದ ಹುಲ್ಲುಗಾವಲಿಗೆ ಇದ್ದದ್ದು ಎರಡೇ ದಾರಿ. ಒಂದು ಉಪ್ಪಿನ ಬಯಲು. ಒಣಗಿದ್ದರೆ ಮೂರು ದಿನದ ನಡಿಗೆ. ಒಂದು ಮಳೆ ಬಿದ್ದರೆ ಒಂಟೆಯನ್ನೂ ನುಂಗುವ ಕೆಸರು. ಇನ್ನೊಂದು ಮರಳು ದಿಬ್ಬಗಳ ದಾರಿ. ಮಳೆ ಬಿದ್ದರೆ ಹೊಂಡಗಳಲ್ಲಿ ನೀರು. ಬೀಳದಿದ್ದರೆ ತೊಟ್ಟೂ ಸಿಗದು.

ಪ್ರತಿ ವರ್ಷ ಉತ್ತರ ಹೇಳಿದ ಮೇಲೆ ಗುರುಗಳು ಕೋಲು ಹಿಡಿದು ಎಲ್ಲಿಗೋ ಹೊರಡುತ್ತಿದ್ದರು; ಮರಳುತ್ತಿದ್ದುದು ಹತ್ತು ದಿನದ ಮೇಲೆ. ಈ ವರ್ಷ ಅವರು ಹೇಳಿದರು, "ನನಗೆ ಕಣ್ಣು ಕಾಣದು. ನೀನೇ ನೋಡು, ನೀನೇ ಹೇಳು."

ನವರಾತ್ರಿಯ ಒಂಬತ್ತು ದಿನವೂ ಮೋತಿನಾಥ ನೋಡಿದ. ಗಾಳಿ ನೋಡಿದ, ಮೋಡ ನೋಡಿದ. ಯಾವುದೂ ಬಾಯಿ ಬಿಡಲಿಲ್ಲ.

ಏಳನೆಯ ಬೆಳಿಗ್ಗೆ ಬನ್ನಿಮರದ ಬುಡದಿಂದ ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಕಾಂಡ ಹತ್ತುತ್ತಿದ್ದವು. ಎಂಟನೆಯ ದಿನವೂ ಹತ್ತಿದವು. ಒಂಬತ್ತನೆಯ ದಿನವೂ.

ಅವನ ಎದೆ ಹಗುರಾಯಿತು. ಇರುವೆ ಮೊಟ್ಟೆ ಹೊತ್ತು ಮೇಲೇರಿದರೆ ಮಳೆ. ಅದು ಗುರುಗಳೇ ಕಲಿಸಿದ ಪಾಠ.

ದಶಮಿಯ ಬೆಳಿಗ್ಗೆ ಕುರಿಗಾಹಿಗಳ ಹಿರಿಯಳು ಝಮಕೂಬಾಯಿ ಕೋಲೂರಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಸಲ ಮರಿಬಾವಾ ಹೇಳುವುದೋ? ಗಡ್ಡ ಪೂರ್ತಿ ಬಂದಿಲ್ಲ. ಮಾತು ಪೂರ್ತಿ ಬಂದಿದೆಯೋ?"

"ಮಳೆ ಇದೆ ತಾಯಿ. ಹತ್ತು ದಿನದೊಳಗೆ ಬರುತ್ತದೆ. ದಿಬ್ಬದ ದಾರಿ ಹಿಡಿಯಿರಿ."

"ಖಂಡಿತವೋ?"

"ಇರುವೆ ಸುಳ್ಳು ಹೇಳುವುದಿಲ್ಲ."

"ಸರಿಯಪ್ಪ. ಇರುವೆಗೇನು ನಮ್ಮ ಮೇಲೆ ಹಗೆಯೇ?"

ಅವಳು ಕೋಲೆತ್ತಿದಳು. ಹಿಂಡು ದಿಬ್ಬದ ಕಡೆ ತಿರುಗಿತು.

ಬಿಸಿಲು ಏರಿದ ಮೇಲೆ ಮೋತಿನಾಥ ಘಟ ಎತ್ತಲು ಹೋದ. ನವರಾತ್ರಿಯ ಮೊದಲ ದಿನ ಅವನೇ ಅದನ್ನು ಮರದ ಬುಡದಲ್ಲಿ ಸ್ಥಾಪಿಸಿದ್ದ. ದಿನಕ್ಕೆರಡು ಸಲ, ಭಕ್ತಿಯಿಂದ, ತಂಬಿಗೆ ತುಂಬ ನೀರು ಹಾಕಿದ್ದ. ಅದರಲ್ಲಿ ಬಿತ್ತಿದ್ದ ಜವೆಗೋಧಿಯ ಸಸಿ ಗೇಣುದ್ದ ಬೆಳೆದಿತ್ತು.

ಘಟ ಎತ್ತಿದ. ಅದರ ತಳ ಬಿರುಕು ಬಿಟ್ಟಿತ್ತು.

ಕೆಳಗಿನ ಮಣ್ಣೆಲ್ಲ ತೊಯ್ದು ಕೆಸರಾಗಿತ್ತು. ಆ ಕೆಸರಿನಲ್ಲಿ ಇರುವೆಯ ಗೂಡು ಕುಸಿದು ಬಿದ್ದಿತ್ತು. ಹೊರಲಾಗದೆ ಬಿಟ್ಟುಹೋದ ಮೊಟ್ಟೆಗಳು ಅಲ್ಲಲ್ಲಿ ಬೆಳ್ಳಗೆ ಅಂಟಿಕೊಂಡಿದ್ದವು.

ಇರುವೆಗಳು ಹೆದರಿ ಓಡಿದ್ದು ಆಕಾಶದ ನೀರಿಗಲ್ಲ. ಅವನ ತಂಬಿಗೆಯ ನೀರಿಗೆ.

ಅವನು ಗುರುಗಳ ಮುಂದೆ ಬಂದು ಕೂತ. ಎಲ್ಲ ಹೇಳಿದ.

ಗುರುಗಳು ಕೇಳಿದರು, "ಹಾಗಾದರೆ ಮಳೆ ಇಲ್ಲವೋ?"

"ಗೊತ್ತಿಲ್ಲ."

"ಇದೆಯೋ?"

"ಅದೂ ಗೊತ್ತಿಲ್ಲ."

"ಇದು ಅವರಿಗೆ ಗೊತ್ತೋ?"

ಮೋತಿನಾಥ ತಲೆ ತಗ್ಗಿಸಿದ. "ಮಳೆ ಬಂದರೂ ಬರಬಹುದು ಗುರುಗಳೇ. ಊಟ ಬಿಟ್ಟು ಜಪಕ್ಕೆ ಕೂರುತ್ತೇನೆ. ಈಗ ಹೋಗಿ ಹೀಗೆಂದರೆ, ನಾಳೆ ಆಶ್ರಮದ ಮಾತನ್ನು ಯಾರು ನಂಬುತ್ತಾರೆ?"

ಗುರುಗಳು ಕೈ ಚಾಚಿ ಅವನ ಕೊರಳಿನ ಜಪಮಾಲೆ ತೆಗೆದರು. ತಮ್ಮ ಕೊರಳಿಗೆ ಹಾಕಿಕೊಂಡರು.

"ಜಪ ನಾನು ಮಾಡುತ್ತೇನೆ. ನನಗೆ ಕಾಲಿಲ್ಲ."

ಮೋತಿನಾಥ ಓಡಿದ.

ಮರಳು ಕಾದ ಹೆಂಚಾಗಿತ್ತು. ದಿಬ್ಬಗಳು ಶುರುವಾಗುವ ಕಡೆ ಕೊನೆಯ ಬಾವಿ. ಅಲ್ಲಿಂದ ಮುಂದೆ ನಾಲ್ಕು ದಿನ ಬಾವಿಯಿಲ್ಲ. ಹಿಂಡು ಅದನ್ನು ದಾಟಿತೆಂದರೆ ಮುಗಿಯಿತು. ಗಾಳಿ ಹೆಜ್ಜೆ ಗುರುತನ್ನೂ ಉಳಿಸದು.

ಹೊತ್ತು ಮುಳುಗುವಾಗ ಬಾವಿ ಕಂಡಿತು. ಕುರಿಗಳು ನೀರು ಕುಡಿದಾಗಿತ್ತು. ಒಂಟೆಗಳ ಮೇಲೆ ಹೊರೆ ಏರಿತ್ತು. ಮುಂದಿನ ಒಂಟೆ ಆಗಲೇ ದಿಬ್ಬಕ್ಕೆ ಕಾಲಿಟ್ಟಿತ್ತು.

ಕೂಗಲು ಹೋದರೆ ದನಿ ಹೊರಡಲಿಲ್ಲ. ಅವನು ಹಿಂಡನ್ನು ಸುತ್ತಿ ಓಡಿ, ಆ ಒಂಟೆಯ ಮುಂದೆ ಕೂತುಬಿಟ್ಟ.

ಒಂಟೆ ಹಿಡಿದಿದ್ದವನು ಝಮಕೂಬಾಯಿಯ ಮಗ ಹರಜಿ. "ಏನು ಬಾವಾ, ಇರುವೆ ಮತ್ತೇನಾದರೂ ಹೇಳಿ ಕಳಿಸಿತೋ?" ಎಂದು ನಕ್ಕ.

ಮೋತಿನಾಥ ಹೇಳಿದ. ಹರಜಿಯ ನಗು ಅಲ್ಲೇ ನಿಂತಿತು. ಅವನ ಕೈ ಶಿಷ್ಯನ ಹೊದಿಕೆಯನ್ನು ಕೊರಳ ಬಳಿ ಹಿಡಿಯಿತು.

"ಬೆಳಿಗ್ಗೆ ಮಳೆ ಇದೆ ಅಂದ ಬಾಯಿ ಇದೇ ತಾನೆ? ಈಗ ಯಾವ ದಾರಿ? ಹೇಳು!"

"ಗೊತ್ತಿಲ್ಲ."

ಹರಜಿ ಕೈ ಎತ್ತಿದ.

"ಬಿಡೋ," ಎಂದಳು ಝಮಕೂಬಾಯಿ. "ಹೊಡೆದರೆ ಅವನಿಗೆ ಗೊತ್ತಾಗಿಬಿಡುತ್ತದೆಯೇ?"

ಅವಳು ಬಾವಿಗೆ ಹಗ್ಗ ಇಳಿಬಿಟ್ಟಳು. ಮೇಲೆಳೆದು ಒದ್ದೆಯಾದಷ್ಟನ್ನು ಗೇಣಿನಲ್ಲಿ ಅಳೆದಳು.

"ಮೂರು ದಿನಕ್ಕೆ ಸಾಕು. ದಾರಿ ಗೊತ್ತಿಲ್ಲದವರು ನೀರಿನ ಹತ್ತಿರ ಇರಬೇಕು. ಹೊರೆ ಇಳಿಸಿ." ಆಮೇಲೆ ಅವನ ಕಡೆ ತಿರುಗಿದಳು. "ನೀನೂ ಕೂತುಕೋ. ನಮ್ಮ ಮಕ್ಕಳಿಗೆಷ್ಟೋ ನಿನಗೂ ಅಷ್ಟೇ ನೀರು."

ಎರಡನೆಯ ದಿನ ತೆಂಕಣದಲ್ಲಿ ಒಂದು ಮೋಡ ಎದ್ದಿತು. ಮಕ್ಕಳು ಕೇಕೆ ಹಾಕಿದರು. ಮೋತಿನಾಥನ ಮನಸ್ಸು ಕೂಗಿತು: ಬಾ, ಬಂದು ನನ್ನ ಮಾತು ಉಳಿಸು! ಮರುಕ್ಷಣ ಅವನಿಗೆ ನಾಚಿಕೆಯಾಯಿತು. ತಾನು ಬೇಡಿದ್ದು ಕುರಿಗಳಿಗಾಗಿ ಅಲ್ಲ.

ಸಂಜೆಯೊಳಗೆ ಮೋಡ ಕರಗಿತು.

ಮೂರನೆಯ ದಿನ ಬಾವಿಯಲ್ಲಿ ರಾಡಿ ಬಂತು. ಬೆಳಕು ಬಲಿಯುವ ಹೊತ್ತಿಗೆ ಝಮಕೂಬಾಯಿ ತುಟಿ ಮುಟ್ಟಿ ನೋಡಿಕೊಂಡಳು. ಬೆರಳಿಗೆ ರಕ್ತ ಹತ್ತಿತು.

"ತುಟಿ ಒಡೆಯಿತು. ಬಡಗಣ ಒಣಗಾಳಿ ಎದ್ದಿದೆ. ಈ ವರ್ಷದ ಮಳೆ ಮುಗಿಯಿತು." ಎದ್ದು ನಿಂತಳು. "ಉಪ್ಪಿನ ಬಯಲಿಗೆ ತಿರುಗಿಸಿ."

ಬಯಲಿನ ಅಂಚಿಗೆ ಬಂದಾಗ ಕುರಿಗಳು ಹೆಜ್ಜೆಯಿಡದೆ ನಿಂತವು.

"ಮುಂದೆ ನಡಿ ಮರಿಬಾವಾ," ಎಂದಳು ಮುದುಕಿ. "ಮುಳುಗಿದರೆ ಕೂಗು. ನಾವು ನಿಲ್ಲುತ್ತೇವೆ."

ಅವನು ಕಾಲಿಟ್ಟ. ಉಪ್ಪಿನ ಪದರ ಕಿರುಗುಟ್ಟಿತು. ಇನ್ನೊಂದು ಹೆಜ್ಜೆ. ಹಿಮ್ಮಡಿಯಿಂದ ಬಲವಾಗಿ ತುಳಿದ. ನೆಲ ತಡೆಯಿತು.

ಹತ್ತನೆಯ ದಿನ ಅವನು ಆಶ್ರಮಕ್ಕೆ ಮರಳಿದ. ಅವನ ತುಟಿಯೂ ಒಡೆದಿತ್ತು.

"ಎಲ್ಲರೂ ದಾಟಿದರೋ?" ಎಂದರು ಗುರುಗಳು.

"ದಾಟಿದರು. ಒಂದು ಮರಿ ದಾರಿಯಲ್ಲಿ ಹೋಯಿತು."

ಮೋತಿನಾಥ ಮುಂದುವರಿಸಿದ, "ಈ ಕೆಲಸ ಬೇರೆ ಯಾರಿಗಾದರೂ ಕೊಡಿ ಗುರುಗಳೇ. ನಲವತ್ತು ವರ್ಷ ನೀವು ಹೇಳಿದಿರಿ. ನಿಮ್ಮ ಮಾತು ನಂಬಿ ಯಾರೂ ಕೆಡಲಿಲ್ಲ. ನನ್ನ ಮೊದಲ ಮಾತೇ ಸುಳ್ಳಾಯಿತು."

ಗುರುಗಳು ಜಪಮಾಲೆ ತೆಗೆದು ಅವನ ಕೊರಳಿಗೆ ಹಾಕಿದರು.

"ದಶಮಿಯ ದಿನ ನಾನು ಹೇಳಿದ ಮಾತನ್ನು ನೀನು ಹನ್ನೆರಡು ವರ್ಷ ಕೇಳಿಸಿಕೊಂಡೆ, ಮೋತಿ. ಹೇಳಿದ ಮೇಲೆ ಹತ್ತು ದಿನ ನಾನು ಯಾರ ಹಿಂದೆ ಹೋಗುತ್ತಿದ್ದೆ ಎಂದು ಒಂದು ವರ್ಷವೂ ಕೇಳಲಿಲ್ಲ."