ಬಾಣ ಕೊಟ್ಟ ತೀರ್ಪು

ಬೇಟೆಗಾರ ದ್ಯಾವಣ್ಣ ತುದಿಗಳಲ್ಲಿ ರಾಟೆಯಿದ್ದ ಹೊಸ ಕಾಂಪೌಂಡ್ ಬಿಲ್ಲನ್ನು ತಂದದ್ದೇ ತಡ, ಮನೆಯ ಬಿದಿರು ಬಿಲ್ಲಿಗೂ ಅದಕ್ಕೂ ಜಗಳ ಹತ್ತಿತು. ಹಿತ್ತಿಲಲ್ಲಿ ಹುಲ್ಲಿನ ಬೊಂಬೆ ನಿಲ್ಲಿಸಿ, ಅವನು ಒಂದೇ ಬಾಣವನ್ನು ಎರಡರಿಂದಲೂ ಹೊಡೆದು ನೋಡಿದ.

"ಹೊಸದೇ ಗೆದ್ದಿತು! ಎಳೆದು ಹಿಡಿದರೆ ಹೂವಿನಷ್ಟು ಹಗುರ, ಬಿಟ್ಟರೆ ಮಿಂಚು," ಎಂದು ಬಾಣ ಹಿಗ್ಗಿ ತೀರ್ಪು ಕೊಟ್ಟಿತು.

"ಬಿಟ್ಟಾಗ ಅದು ಮಾಡುವ ಸದ್ದು ಕೇಳಿಸಿತೇ?" ಎಂದಿತು ಬಿದಿರು ಬಿಲ್ಲು.

"ಸೋತವರಿಗೆ ಏನಾದರೊಂದು ನೆಪ ಬೇಕು," ಎಂದು ಬಾಣ ಮೂಗು ಮುರಿಯಿತು.

ಮರುದಿನ ಕಾಡಿನಲ್ಲಿ ಹೊಸ ಬಿಲ್ಲು ಟಣ್ಣೆಂದಿತು. ಸದ್ದಿಗೆ ಬೆಚ್ಚಿದ ಜಿಂಕೆ ತಟ್ಟನೆ ಮೈ ಕುಗ್ಗಿಸಿ ತಿರುಗಿತು. ಎದೆಗೆ ನಾಟಬೇಕಾದ ಬಾಣ ತೊಡೆಗೆ ನಾಟಿತು. ಜಿಂಕೆ ಕುಂಟುತ್ತಾ ಓಡಿ, ದ್ಯಾವಣ್ಣನಿಗೆ ಸಿಗದಷ್ಟು ದೂರದ ಪೊದೆಯಲ್ಲಿ ಕುಸಿಯಿತು.

"ಕೊಲ್ಲುವುದಾದರೆ ಒಂದೇ ಏಟಿಗೆ ಕೊಲ್ಲಬಾರದಿತ್ತೇ?" ಎಂದು ಅದು ನರಳಿತು. "ಬಿಲ್ಲನ್ನು ಯಾರೂ ಪರೀಕ್ಷಿಸಿರಲಿಲ್ಲವೇ?"

ನಾಚಿಕೆಯಿಂದ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣವೆಂದರೆ, ಬಾಣದ ಮುಖ ಜಿಂಕೆಯ ಗಾಯದೊಳಗೇ ಇತ್ತು.

"ನಾನೇ ಪರೀಕ್ಷಿಸಿದ್ದೆ," ಎಂದಿತು ಅದು. "ಹುಲ್ಲಿನ ಬೊಂಬೆಯ ಮೇಲೆ. ಅದಕ್ಕೆ ಕಿವಿ ಇರಲಿಲ್ಲ."